ವಾದ್ಯ ರಿಪೇರಿ: ಹಳೇ ಹವಾಯನ್ ಗಿಟಾರಿನ ಕೀ ಸವೆದರೆ ಏನು ಮಾಡೋದು?

ಪ್ರಶ್ನೆ: ನಮ್ಮ ಕಾಕಾ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಎಲೆಕ್ಟ್ರಿಕ್ ಹವಾಯನ್ ಗಿಟಾರ್ ಈಗ ನನ್ನ ಹತ್ತಿರ ಇದೆ. ತೊಡೆ ಮೇಲಿಟ್ಟು ನುಡಿಸುವ ಆರು ತಂತಿಯ ಹಳೇ ಅಮೆರಿಕನ್ ಲ್ಯಾಪ್ ಸ್ಟೀಲ್, ಕಂಪನಿ ಹೆಸರು ಅಳಿಸಿಹೋಗಿದೆ. ತಂತಿ ಬಿಗಿ ಮಾಡುವ ಕೀ ಒಂದು ಪಟ್ಟಿಗೆ ಮೂರರಂತೆ ಎರಡು ಪಟ್ಟಿ, ಗೇರ್ ಹೊರಗೇ ಕಾಣುತ್ತವೆ. ಎರಡು ಕೀಗಳ ಪ್ಲಾಸ್ಟಿಕ್ ಬಟನ್ ಪುಡಿಪುಡಿ ಆಗಿದೆ, ಇಕ್ಕಳ ಹಿಡಿದು ತಿರುಗಿಸುತ್ತಿದ್ದೇನೆ. ಶ್ರುತಿ ಮಾಡಿ ಸ್ವಲ್ಪ ಹೊತ್ತಿಗೆ ಇಳಿದುಬಿಡುತ್ತದೆ. ಒಂದು ಅಂಗಡಿಯಲ್ಲಿ 'ಹೊಸ ಕೀ ಹಾಕಿಕೊಡ್ತೀವಿ, ತೂತು ಸ್ವಲ್ಪ ದೊಡ್ಡದು ಮಾಡಬೇಕಾಗ್ತದ' ಅಂದರು. ಮಾಡಿಸಲಾ? ಇಲ್ಲ ಮಿರಜಕ್ಕೆ ಒಯ್ಯಲಾ?
– ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಡ್ರಿಲ್ ಮಾತ್ರ ಬೇಡ ರೀ. ಉಳಿದಿದ್ದೆಲ್ಲ ಮಾತಾಡೋಣ.

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಬಟನ್ ಪುಡಿಯಾಗೋದು ಒಂದು, ಶ್ರುತಿ ಇಳಿಯೋದು ಇನ್ನೊಂದು. ಎರಡಕ್ಕೂ ಸೇರಿಸಿ 'ಕೀ ಹಾಳಾಗಿದೆ' ಅಂತ ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ.

ಕೀಯಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಎರಡು ಭಾಗ. ನೀವು ತಿರುಗಿಸುವ, ಸುರುಳಿ ಹಲ್ಲಿನ ಕಡ್ಡಿ ಒಂದು. ಅದು ಓಡಿಸುವ ಗೇರ್ ಇನ್ನೊಂದು, ಹೆಚ್ಚಾಗಿ ಹಿತ್ತಾಳೆಯದು. ಕಡ್ಡಿ ಗೇರನ್ನು ತಿರುಗಿಸುತ್ತದೆ, ಆದರೆ ಗೇರ್ ಕಡ್ಡಿಯನ್ನು ತಿರುಗಿಸಲಾರದು. ಹಾಗಾಗಿ ತಂತಿ ಎಷ್ಟೇ ಜಗ್ಗಿದರೂ ಕೀ ತಾನಾಗೇ ಹಿಂದಕ್ಕೆ ಸುತ್ತಿಕೊಳ್ಳೋದಿಲ್ಲ. ಹಲ್ಲು ಸವೆದಾಗ ಆಗೋದೇ ಬೇರೆ: ತಿರುಗಿಸುವ ದಿಕ್ಕು ಬದಲಿಸಿದಾಗ ಬಟನ್ ಒಂದಿಷ್ಟು ಸುಮ್ನೆ ತಿರುಗುತ್ತದೆ, ತಂತಿ ಅಲ್ಲಾಡೋದೇ ಇಲ್ಲ. ಇದಕ್ಕೆ ಖರ್ಚಿಲ್ಲದ ಉಪಾಯ ಇದೆ. ಸ್ವರ ಮೇಲೆ ಹೋಗಿದ್ದರೆ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಏರಿಸುತ್ತಾ ಬಂದು ನಿಲ್ಲಿಸಿ. ಇಳಿಸುತ್ತಾ ಬಂದು ನಿಲ್ಲಿಸಿದರೆ ಆ ಸಡಿಲು ಹಾಗೇ ಉಳಿದು, ತಂತಿ ಮೇಲೆ ಜಾರಿಸುವ ಸ್ಟೀಲ್ ಬಾರನ್ನು ಎರಡು ಸಲ ಎಳೆಯುವಷ್ಟರಲ್ಲಿ ಸ್ವರ ಜಾರುತ್ತದೆ. ಲ್ಯಾಪ್ ಸ್ಟೀಲ್‌ನಲ್ಲಿ ಬಾರ್ ಹಲವು ತಂತಿಗಳ ಮೇಲೆ ಒಟ್ಟಿಗೆ ಕೂರುತ್ತದೆ, ಬೆರಳಿನಿಂದ ಒಂದೇ ತಂತಿಯನ್ನು ಹಿಗ್ಗಿಸಿ ಸರಿಮಾಡಿಕೊಳ್ಳೋ ಹಾಗಿಲ್ಲ. ಒಂದು ತಂತಿ ಇಳಿದರೆ ಇಡೀ ಕಾರ್ಡ್ ಕೆಟ್ಟಿತು.

ಹಾಗಾದರೆ ಶ್ರುತಿ ಯಾಕೆ ಇಳಿಯುತ್ತದೆ? ತಂತಿ ಸಡಿಲಿಸಿ, ತಂತಿ ಸುತ್ತುವ ಪೋಸ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಗೇರ್ ನಡುವೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಸಡಿಲಾಗಿದ್ದರೆ ಗೇರ್ ಮೇಲೆದ್ದು ಕಡ್ಡಿಯಿಂದ ಅರ್ಧ ಬಿಟ್ಟುಕೊಂಡಿರುತ್ತದೆ. ಕಾಲು ಸುತ್ತು ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಜಾಸ್ತಿ ಬಿಗಿದರೆ ಕೀ ತಿರುಗೋದೇ ಕಷ್ಟ. ಆಮೇಲೆ ಪಟ್ಟಿಯನ್ನು ಮರಕ್ಕೆ ಹಿಡಿದಿಟ್ಟ ಸ್ಕ್ರೂ ನೋಡಿ, ಒಂದು ಸಡಿಲಾದರೂ ತಂತಿ ಬಿಗಿಯಾದಾಗ ಪಟ್ಟಿ ಮೇಲಕ್ಕೇಳುತ್ತದೆ. ತಂತಿ ಸುತ್ತು ಒಂದರ ಮೇಲೊಂದು ಹತ್ತಿ ಕೂತಿದ್ದರೂ ಇದೇ ಗತಿ.

ಇನ್ನು ಗೇರನ್ನೇ ನೋಡೋಣ. ಕರಿ ಜಿಡ್ಡನ್ನು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ. ಆ ಜಿಡ್ಡಿನಲ್ಲಿ ಚಿನ್ನದ ಬಣ್ಣದ ಪುಡಿ ಮಿನುಗಿದರೆ ಅದು ಹಿತ್ತಾಳೆ, ಸವೆತ ಶುರುವಾಗಿದೆ ಅಂತ ಅರ್ಥ. ಹಲ್ಲುಗಳು ಚಾಕುವಿನ ಅಂಚಿನಂತೆ ಚೂಪಾಗಿದ್ದರೆ, ತಿರುಗಿಸುವಾಗ 'ಕಟಕ್' ಅಂತ ಜಿಗಿದರೆ, ಬದಲಿಸಲೇಬೇಕು. ಹಾಡಿಗೊಂದು ಟ್ಯೂನಿಂಗ್ ಬದಲಿಸುತ್ತಿದ್ದವರ ವಾದ್ಯಗಳಲ್ಲಿ ಇದು ಸಾಮಾನ್ಯ. ನಿಮ್ಮ ಕಾಕಾನೂ ಹಾಗೆ ಮಾಡುತ್ತಿದ್ದರೇನೋ. ಹಲ್ಲು ದುಂಡಗೆ ದಪ್ಪಗೆ ಇದ್ದರೆ ಬರೀ ಬಟನ್ ಹಾಕಿಸಿ ಸಾಕು.

ಬಟನ್ ಕೆಲಸ ಮನೆಯಲ್ಲೇ ಆಗುತ್ತದೆ. ಹಳೇ ಚೂರನ್ನು ಇಕ್ಕಳದಿಂದ ಮುರಿದು ತೆಗೆಯಿರಿ. ಬೆಂಕಿಕಡ್ಡಿ, ಲೈಟರ್ ಹತ್ತಿರ ತರಬೇಡಿ, ಆ ಕಾಲದ ಕೆಲವು ಬಟನ್ ಸೆಲ್ಯುಲಾಯ್ಡ್‌ನವು, ಭಗ್ ಅಂತ ಹೊತ್ತಿಕೊಳ್ಳುತ್ತವೆ. ಹೊಸದು ಒತ್ತಿ ಕೂರಿಸುವ ಬಗೆಯದಾದರೆ, ಕಡ್ಡಿಯ ತುದಿಗೆ ಸೋಲ್ಡರಿಂಗ್ ಐರನ್ ಇಟ್ಟು ಬಿಸಿ ಮಾಡಿ, ಬಟನ್ ನೆಟ್ಟಗೆ ಒತ್ತಿ, ತಣ್ಣಗಾಗುವ ತನಕ ಹಿಡಿದುಕೊಳ್ಳಿ. ಸೊಟ್ಟ ಕೂತರೆ ಕೊನೇತನಕ ಸೊಟ್ಟ.

ಕೀ ಬದಲಿಸಲೇಬೇಕು ಅನ್ನೋದಾದರೆ, ಆರ್ಡರ್ ಹಾಕುವ ಮೊದಲು ವರ್ನಿಯರ್ ಹಿಡಿದು ಅಳತೆ ತೆಗೆಯಿರಿ. ಮುಖ್ಯವಾದದ್ದು ಪೋಸ್ಟ್‌ನಿಂದ ಪೋಸ್ಟ್‌ಗೆ ಇರುವ ಅಂತರ. ನಡುಭಾಗ ಕಣ್ಣಳತೆಯಲ್ಲಿ ಸಿಗೋದಿಲ್ಲ, ಒಂದು ಪೋಸ್ಟಿನ ಎಡ ಅಂಚಿನಿಂದ ಮುಂದಿನದರ ಎಡ ಅಂಚಿಗೆ ಅಳೆಯಿರಿ, ಅದೇ ಅಂತರ ಬರುತ್ತದೆ. ಹಳೇ ಅಮೆರಿಕನ್ ಪಟ್ಟಿಗಳು ಹಲವು 35.7 ಮಿ.ಮೀ., ಈಗಿನ ಕ್ಲಾಸಿಕಲ್ ಗಿಟಾರಿನ ಪಟ್ಟಿ 35. ಮುಕ್ಕಾಲು ಮಿ.ಮೀ.ಗೂ ಕಡಿಮೆ, ಏನಾಗುತ್ತೆ ಬಿಡಿ ಅನಿಸುತ್ತದೆ ಅಲ್ವಾ? ಮೂರನೇ ಪೋಸ್ಟ್‌ಗೆ ಬರುವಷ್ಟರಲ್ಲಿ ಅದು 1.4 ಆಗುತ್ತದೆ, ಪೋಸ್ಟ್ ತೂತಿನ ಗೋಡೆಗೆ ಉಜ್ಜುತ್ತದೆ, ಕೀ ಬಿಗಿಯಾಗುತ್ತದೆ, ಆಮೇಲೆ ಬೈಗುಳ ಹೊಸ ಕೀಗೆ.

ಪೋಸ್ಟಿನ ದಪ್ಪ ಹಳೇ ಮಾದರಿಯಲ್ಲಿ ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6.35 ಮಿ.ಮೀ. ಅಂಗಡಿಯವರು ಹಾಕುತ್ತೇವೆ ಅಂದಿದ್ದು ಮುಚ್ಚಿದ ಗೇರಿನ ಈಗಿನ ಕೀ ಇರಬೇಕು, ಅದಕ್ಕೆ 10 ಮಿ.ಮೀ. ತೂತು ಬೇಕು. ಹಳೇ ಮರ, ತೂತಿನ ಸುತ್ತ ಉಳಿದಿರೋದೇ ಸ್ವಲ್ಪ. ಬಿರುಕು ಬಿಟ್ಟರೆ ಕೀ ಹಾಕೋಕೆ ತಲೆಯೇ ಇರೋದಿಲ್ಲ. ಹಳೇ ಮಾದರಿಯಲ್ಲೇ ತಯಾರಾದ ಮೂರು ಕೀ ಪಟ್ಟಿಗಳು ಈಗಲೂ ಸಿಗುತ್ತವೆ, ಆನ್‌ಲೈನ್‌ನಲ್ಲಿ ಹುಡುಕಿ. ತಡವಾದರೂ ಪರವಾಗಿಲ್ಲ.

ಮಿರಜದವರು ಸಿತಾರ್, ತಂಬೂರಿಯಲ್ಲಿ ಪಳಗಿದ ಕೈ, ಅದರಲ್ಲಿ ಎರಡು ಮಾತಿಲ್ಲ. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಆದರೆ ಅವರ ಬಿರಡೆ ಮರದ್ದು, ಬಿಗಿಯಾಗಿ ಕೂತೇ ನಿಲ್ಲುತ್ತದೆ, ಗೇರ್ ಇಲ್ಲ. ಮರ ಬಿರುಕು ಬಿಟ್ಟಿದ್ದರೆ ಅವರ ಹತ್ತಿರ ಹೋಗಿ. ಲೋಹದ ಕೆಲಸಕ್ಕೆ ನಿಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗ್ ಇರುವಾಗ ರೈಲು ಯಾಕೆ? ತೂತನ್ನು ಮುಂಚೆ ಯಾರಾದರೂ ದೊಡ್ಡದು ಮಾಡಿಬಿಟ್ಟಿದ್ದರೆ, ಹೊರಗೆ 10, ಒಳಗೆ 6.35 ಇರುವ ಹಿತ್ತಾಳೆ ಬುಷ್ ಅಲ್ಲಿನ ಲೇಥ್‌ನವರು ತಿರುಗಿಸಿಕೊಡುತ್ತಾರೆ. ಒಳಗೆ ಕೂದಲೆಳೆಯಷ್ಟು ಸಡಿಲು ಇರಲಿ ಅಂತ ಹೇಳಿ, ಪೋಸ್ಟ್ ತಿರುಗಬೇಕಲ್ಲ. ಸಣ್ಣ ಕೆಲಸ ಅಂತ ಮುಖ ಸಿಂಡರಿಸಿದರೆ ಗಿಟಾರ್ ತೋರಿಸಿ, ಬೆಳಗಾವಿಯಲ್ಲಿ ವಾದ್ಯ ನೋಡಿ ಕರಗದವರು ಕಡಿಮೆ.

ಬಿಚ್ಚುವಾಗ ತುಕ್ಕು ಹಿಡಿದ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ಕೆಲವು ಸೆಕೆಂಡ್ ಇಡಿ, ಬೆಳಗಾವಿ ಮಳೆಗಾಲ ಕಂಡ ಸ್ಕ್ರೂ ಸುಲಭಕ್ಕೆ ಬರೋದಿಲ್ಲ. ಸ್ಕ್ರೂ ತೂತು ಸಡಿಲಾಗಿದ್ದರೆ ಟೂತ್‌ಪಿಕ್‌ಗೆ ಫೆವಿಕಾಲ್ ಸವರಿ ತುಂಬಿ, ಒಣಗಿದ ಮೇಲೆ ಸ್ಕ್ರೂಗೆ ಸ್ವಲ್ಪ ಮೇಣ ಉಜ್ಜಿ ತಿರುಗಿಸಿ. ತಂತಿ ತೆಗೆಯುವ ಮೊದಲು ಬ್ರಿಜ್ (ಕೀಗಳಿಗೆ ಎದುರು ತುದಿಯಲ್ಲಿ ತಂತಿಗಳು ಕೂರುವ ತುಂಡು) ಅಂಟಿದೆಯೋ, ಬರೀ ತಂತಿಯ ಒತ್ತಡಕ್ಕೆ ನಿಂತಿದೆಯೋ ನೋಡಿ. ಬರೀ ನಿಂತಿದ್ದರೆ ಅದರ ಜಾಗ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಹಳೇ ಕೀಗಳನ್ನು ಗುಜರಿಗೆ ಹಾಕಬೇಡಿ, ಕವರಿನಲ್ಲಿ ಕಟ್ಟಿ ಕೇಸಿನಲ್ಲೇ ಇಡಿ.

ಪ್ರಶ್ನೆ: ಸಾಮಾನ್ಯ ಅಕೌಸ್ಟಿಕ್ ಗಿಟಾರನ್ನೇ ಹವಾಯನ್ ಮಾಡಿಕೊಳ್ಳಬಹುದಾ?
– ಓದುಗರು, ಬಾಗಲಕೋಟೆ

ಉತ್ತರ: ಧಾರಾಳವಾಗಿ. ಬ್ರಿಜ್‌ಭೂಷಣ್ ಕಾಬ್ರಾ ಸಾಮಾನ್ಯ ಗಿಟಾರನ್ನೇ ಮಾರ್ಪಡಿಸಿ, ತೊಡೆ ಮೇಲಿಟ್ಟು ರಾಗ ನುಡಿಸಿದವರು. ನಟ್, ಅಂದರೆ ಕೀಗಳ ಕಡೆ ತಂತಿಗಳು ಕೂರುವ ಗೀರುಗಳಿರುವ ತುಂಡು, ಅದರ ಮೇಲೆ ಕೂರಿಸುವ ಎತ್ತರದ ಲೋಹದ ತುಂಡು ಸಿಗುತ್ತದೆ, ತಂತಿ ಮೇಲಕ್ಕೆದ್ದರೆ ಸಾಕು. ಓಪನ್ ಇ ಟ್ಯೂನಿಂಗ್ (ಬಿಟ್ಟ ತಂತಿಗಳೇ ಇ ಕಾರ್ಡ್ ನುಡಿಯುವ ಶ್ರುತಿ) ಬೇಡ, ಅದರಲ್ಲಿ ಮೂರು ತಂತಿ ಏರಿಸಬೇಕು, ಬ್ರಿಜ್ ಮೇಲೆ ಜಗ್ಗಾಟ ಹೆಚ್ಚು. ಓಪನ್ ಡಿ ಮಾಡಿ, ನಾಲ್ಕು ತಂತಿ ಇಳಿಸೋದಷ್ಟೇ, ಏರಿಸೋದು ಒಂದೂ ಇಲ್ಲ.

ಪ್ರಶ್ನೆ: ಕೀಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬಹುದಾ?
– ಓದುಗರು, ವಿಜಯಪುರ

ಉತ್ತರ: ಬೇಡ. ಸ್ಪ್ರೇ ಮರಕ್ಕೆ, ಪಾಲಿಶ್‌ಗೆಲ್ಲ ಹಾರುತ್ತದೆ, ನಿಮ್ಮೂರ ಧೂಳು ಅದಕ್ಕೇ ಬಂದು ಅಂಟುತ್ತದೆ. ಹೊಲಿಗೆ ಮಶೀನ್ ಎಣ್ಣೆ, ಸೂಜಿ ತುದಿಯಲ್ಲಿ ಒಂದು ಹನಿ, ಉಳಿದದ್ದು ಬಟ್ಟೆಯಲ್ಲಿ ಒರೆಸಿ.