ಸೋರುವ ಸ್ಕೈಲೈಟ್ ರಿಪೇರಿಗೆ ಎಷ್ಟು ಖರ್ಚಾಗುತ್ತದೆ?

ತುಮಕೂರಿನ ನಿಮ್ಮ ಮನೆಯ 4 ಅಡಿಗೆ 4 ಅಡಿ ಸ್ಕೈಲೈಟ್ (ಬೆಳಕಿಗೆ ಅಂತ ತಾರಸಿಯಲ್ಲಿ ಕೂರಿಸಿದ ಗಾಜು) ಸೋರುತ್ತಿದೆ, ರಿಪೇರಿಗೆ ಒಬ್ಬರು 3 ಸಾವಿರ, ಇನ್ನೊಬ್ಬರು 18 ಸಾವಿರ ಕೇಳುತ್ತಿದ್ದಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಇಬ್ಬರೂ ನೋಡಿಲ್ಲ, ಅಲ್ವಾ? ಹಾಗಾದರೆ ಇಬ್ಬರಿಗೂ ಸ್ವಲ್ಪ ತಡೆಯಿರಿ ಅನ್ನಿ.

ಕ್ಯಾತ್ಸಂದ್ರದ ನಮ್ಮ ಮನೆಯಲ್ಲೂ ಇದೇ ಗೋಳಿತ್ತು. ಗಾಜಿನದ್ದೇ ತೊಂದರೆ ಅಂದುಕೊಂಡು ಸುತ್ತ ಎರಡು ಸಲ ಸಂದಿ ಮುಚ್ಚುವ ಸಿಲಿಕಾನ್ ಅಂಟು ಹಾಕಿಸಿದೆವು. ಎರಡು ಸಲವೂ ಸೋರಿತು. ಆಮೇಲೆ ಬಂದ ಹಿರಿಯ ಗಾರೆಯವರು ಗಾಜಿಗೆ ಕೈಯನ್ನೇ ಹಾಕಲಿಲ್ಲ. ತಾರಸಿ ಮೇಲೆ ಗಾಜು ಕೂರಿಸಿರುವ ಕಟ್ಟೆಯ ಬುಡದಲ್ಲಿ ಮಾತ್ರ ನೀರು ನಿಲ್ಲಿಸಿದರು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಅರ್ಧ ಗಂಟೆಯೊಳಗೆ ಹನಿ ಶುರು! ಕಟ್ಟೆ ಮತ್ತು ತಾರಸಿ ಸೇರುವ ಕಡೆ ಸಣ್ಣ ಬಿರುಕಿತ್ತು. ಅದನ್ನು ಕೆತ್ತಿ, ವಾಟರ್‌ಪ್ರೂಫ್ ಸೇರಿಸಿದ ಗಾರೆ ತುಂಬಿ, ನೀರು ಹೊರಗೆ ಹರಿಯುವಂತೆ ವಾಟ ಕೊಟ್ಟರು. ಗಾರೆಯವರಿಗೆ 1,000, ಸಹಾಯಕನಿಗೆ 700, ಸಾಮಾನಿಗೆ 900. ಒಟ್ಟು 2,600 ರೂಪಾಯಿ.

ನೀವೂ ಬಿಸಿಲಿರುವ ದಿನ ಹೀಗೇ ಒಂದೊಂದೇ ಕಡೆ ನೀರು ಹಾಕಿ ನೋಡಿ. ಮೊದಲು ಬುಡ, ಆಮೇಲೆ ಕಟ್ಟೆಯ ಗೋಡೆ, ಕೊನೆಗೆ ಗಾಜು. ಒಂದೇ ಸಲ ಎಲ್ಲದರ ಮೇಲೂ ಸುರಿದರೆ ಏನೂ ಗೊತ್ತಾಗುವುದಿಲ್ಲ.

ಗಾಜಿನ ಸಂದಿಯೇ ಸೋರಿದರೆ ಖರ್ಚು ಇನ್ನೂ ಕಡಿಮೆ. ನಿಮ್ಮ ಅಳತೆಗೆ ಸುತ್ತಳತೆ 16 ಅಡಿ, ಅಂದರೆ ಸುಮಾರು 5 ಮೀಟರ್. 6 ಮಿ.ಮೀ. ದಪ್ಪಕ್ಕೆ ಎಳೆದರೆ 300 ಮಿ.ಲೀ. ಸಿಲಿಕಾನ್ ಟ್ಯೂಬ್ ಸುಮಾರು 10 ಮೀಟರ್ ಬರುತ್ತದೆ. ಒಂದು ಸಾಕು, ದಪ್ಪ ಬೇಕಾದರೆ ಎರಡು. ಹಳೆಯದನ್ನು ಪೂರ್ತಿ ಕೆರೆದು, ಒಣಗಿಸಿಯೇ ಹಾಕಿಸಿ. ವಿನಿಗರ್ ವಾಸನೆಯ ಸಿಲಿಕಾನ್ ಬೇಡ, ಅದು ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ. ನ್ಯೂಟ್ರಲ್ ಸಿಲಿಕಾನ್ ಅಂತಲೇ ಕೇಳಿ.

ಗಾಜು ಒಡೆದಿದ್ದರೆ ಅಥವಾ ಫ್ರೇಮ್ ತುಕ್ಕು ತಿಂದಿದ್ದರೆ ಮಾತ್ರ ದೊಡ್ಡ ಮೊತ್ತ. ಆಗ ಗಾಜು, ಫ್ರೇಮ್, ಕೂಲಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಟಫನ್ಡ್ ಗಾಜನ್ನು (ಕಾಯಿಸಿ ಗಟ್ಟಿ ಮಾಡಿದ್ದು) ಆಮೇಲೆ ಕತ್ತರಿಸಲು ಆಗುವುದಿಲ್ಲ, ಅಳತೆ ತಪ್ಪಿದರೆ ದುಡ್ಡು ಹೋಯಿತು. ತಲೆ ಮೇಲಿನ ಗಾಜಲ್ವಾ, ಲ್ಯಾಮಿನೇಟೆಡ್ ಆದರೆ ನನಗೆ ಸಮಾಧಾನ. ಒಡೆದರೂ ಚೂರುಗಳು ಎರಡು ಗಾಜಿನ ನಡುವಿನ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿರುತ್ತವೆ.

ಮಳೆಯೇ ಇಲ್ಲದ ಚಳಿಗಾಲದ ಬೆಳಿಗ್ಗೆ ಹನಿ ಬಿದ್ದರೆ ಅದು ಸಾಮಾನ್ಯವಾಗಿ ಸೋರಿಕೆಯಲ್ಲ, ಒಳಗಿನ ಆವಿ ತಣ್ಣನೆಯ ಗಾಜಿಗೆ ತಾಗಿ ನೀರಾಗಿದ್ದು. ಅದಕ್ಕೆ ಗಾಳಿ ಆಡುವಂತೆ ಮಾಡಬೇಕು ಅಷ್ಟೇ.

ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗಾರೆ ಕೆಲಸವಾದರೆ ಒಂದು ವಾರ ನೀರು ಉಣಿಸಬೇಕು, ಅದಕ್ಕೂ ದಿನ ಬಿಟ್ಟುಕೊಂಡು ಮೊದಲೇ ಶುರು ಮಾಡಿ.