ಹತ್ತಕ್ಕೆ ಎಷ್ಟು ಎಂದು ಕೇಳಿದರೆ

ಪತ್ರ: ವಿದೇಶಿ ಭಾಷೆಯ ನನ್ನ ತರಗತಿಯಲ್ಲಿ ‘ನಿಮ್ಮ ಮಾತುಗಾರಿಕೆಗೆ ಹತ್ತಕ್ಕೆ ಎಷ್ಟು ಕೊಟ್ಟುಕೊಳ್ಳುತ್ತೀರಿ?’ ಎಂದು ಕೇಳಿದೆ. ಹುಡುಗರಲ್ಲಿ ಹೆಚ್ಚಿನವರು ಎಂಟು ಬರೆದರು, ಹುಡುಗಿಯರು ಐದು. ಪರೀಕ್ಷೆಯಲ್ಲಿ ಮುಂದಿದ್ದವರು ಹುಡುಗಿಯರು. ವಿನಯ ಹೆಣ್ಣುಮಕ್ಕಳ ಹುಟ್ಟುಗುಣವೇ ಅಲ್ಲವೇ?

ಉತ್ತರ: ಮೇಷ್ಟ್ರೇ, ಎರಡೂ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಿರಲ್ಲ, ಅದಕ್ಕೆ ಶಹಬ್ಬಾಸ್. ‘ಹುಟ್ಟುಗುಣ’ವನ್ನು ಮಾತ್ರ ದಯವಿಟ್ಟು ವಾಪಸು ತೆಗೆದುಕೊಳ್ಳಿ. ಫ್ರೆಂಚ್ ಕಲಿತಿದ್ದ ಇಂಗ್ಲಿಷ್ ಭಾಷಿಕರ ಮೇಲೆ ಮ್ಯಾಕಿಂಟೈರ್ ಮತ್ತು ಸಂಗಡಿಗರು ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳುಕುವವರು ತಮ್ಮನ್ನು ಕಡಿಮೆ ಅಳೆದುಕೊಂಡಿದ್ದರು, ಅಳುಕಿಲ್ಲದವರು ಹೆಚ್ಚು. ಇನ್ನು ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯ 2018ರ ಫಲಿತಾಂಶ ನೋಡಿ. ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಹುಡುಗಿಯರು ಮುಂದು. ಸೋಲಿನ ಭಯ ಹೆಚ್ಚೆಂದು ಹೇಳಿಕೊಂಡವರೂ ಬಹುಪಾಲು ದೇಶಗಳಲ್ಲಿ ಅವರೇ. ನೀವು ವಿನಯ ಎಂದು ಮೆಚ್ಚುತ್ತಿರುವುದು ಈ ಭಯವನ್ನೇ ಇರಬಹುದು.

ಹುಡುಗರ ಧೈರ್ಯಕ್ಕೂ ಬೆಲೆಯಿದೆ, ಒಪ್ಪೋಣ. ತಪ್ಪಾದರೂ ಬಾಯಿ ಬಿಡುವವನಿಗೆ ಅಭ್ಯಾಸ ಹೆಚ್ಚು ಸಿಗುತ್ತದೆ.

ಆದರೆ ನಿಮ್ಮ ಪ್ರಶ್ನೆಯಲ್ಲೇ ಐಬಿದೆ. ಹತ್ತು ಎಂದರೆ ಯಾರ ಹತ್ತು? ಒಬ್ಬಳು ಆ ಭಾಷೆಯ ವಾರ್ತಾವಾಚಕಿಯನ್ನು ನೆನೆದು ಐದು ಬರೆಯುತ್ತಾಳೆ, ಇನ್ನೊಬ್ಬ ಕೊನೆಯ ಬೆಂಚಿನ ಗೆಳೆಯನನ್ನು ನೆನೆದು ಎಂಟು. 2001ರ ಯುರೋಪಿಯನ್ ಭಾಷಾ ಚೌಕಟ್ಟು ಭಾಷಾ ಸಾಮರ್ಥ್ಯದ ಆರು ಹಂತಗಳನ್ನು, ಅಂದರೆ ಆರಂಭದ ಎ1ರಿಂದ ಮೇಲಿನ ಸಿ2ವರೆಗೆ, ‘ಇದನ್ನು ಮಾಡಬಲ್ಲೆ’ ಎಂಬ ವಾಕ್ಯಗಳಲ್ಲಿ ವಿವರಿಸಿರುವುದು ಸುಮ್ಮನೆ ಅಲ್ಲ.

ನೀವೂ ಆರು ಕೆಲಸ ಆರಿಸಿ: ದಾರಿ ಹೇಳುವುದು, ನಿನ್ನೆ ನಡೆದದ್ದನ್ನು ವಿವರಿಸುವುದು, ಫೋನಿನಲ್ಲಿ ಸಮಯ ಬದಲಿಸಿಕೊಳ್ಳುವುದು, ಹೀಗೆ. ಪ್ರತಿಯೊಂದರ ಎದುರು ‘ಆಗುತ್ತದೆ’, ‘ಸಹಾಯವಿದ್ದರೆ ಆಗುತ್ತದೆ’, ‘ಇನ್ನೂ ಇಲ್ಲ’ ಎಂಬ ಮೂರು ಮನೆ. ಮೊದಲು ಗುರುತು ಹಾಕಿಸಿ ಹಾಳೆ ವಾಪಸು ಪಡೆಯಿರಿ. ಕೈ ಎತ್ತಿಸಬೇಡಿ, ಪಕ್ಕದವರ ಕೈ ನೋಡಿ ಅಂದಾಜು ಬದಲಾಗುತ್ತದೆ. ಆಮೇಲೆ ಎರಡು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿ. ಕೂಡಲೇ ಕೇಳಿಸಬೇಡಿ, ಆಗ ಕಿವಿಗೆ ಬೀಳುವುದು ಮುಜುಗರ ಮಾತ್ರ. ವಾರದ ನಂತರ ಕೇಳಿಸಿ, ಬೇರೆ ಬಣ್ಣದ ಶಾಯಿಯಲ್ಲಿ ಮತ್ತೆ ಗುರುತು ಹಾಕಿಸಿ.

ಇಲ್ಲಿ ಎಡವುವುದು ತಪ್ಪುಗಳನ್ನಷ್ಟೇ ಎಣಿಸಿದಾಗ. ‘ನಿನ್ನೆ ಹೋಗುತ್ತೇನೆ... ಅಲ್ಲ, ಹೋದೆ’ ಎಂದ ಹುಡುಗಿ ಅದನ್ನು ತಪ್ಪಿನ ಲೆಕ್ಕಕ್ಕೆ ಹಾಕಿಕೊಳ್ಳುತ್ತಾಳೆ. ಕಾಲರೂಪ ಗೊತ್ತಿದ್ದುದರಿಂದಲೇ ಅಲ್ಲವೇ ತಿದ್ದಿಕೊಂಡದ್ದು? ತಾನೇ ತಿದ್ದಿಕೊಂಡದ್ದಕ್ಕೆ ಬೇರೆ ಗೀಟು ಹಾಕಿಸಿ. ಉದ್ದ ವಾಕ್ಯ ಕಟ್ಟಿದವರಿಗೆ ತಪ್ಪೂ ಹೆಚ್ಚು ಬೀಳುತ್ತದೆ, ಎರಡು ಪದದಲ್ಲಿ ಮುಗಿಸಿದವನಿಗೆ ಬೀಳುವುದಿಲ್ಲ. ಆದ್ದರಿಂದ ಕೇಳುವವರಿಗೆ ವಿಷಯ ಮುಟ್ಟಿತೇ ಎಂಬುದಕ್ಕೂ ಒಂದು ಮನೆ ಇರಲಿ.

ನಮ್ಮ ಹಳೆಯ ಸಿಟ್ಟು ತರಗತಿಯಾಚೆಗಿನದು. ಉದ್ಯೋಗದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಎಲ್ಲೆಲ್ಲೂ ‘ಭಾಷಾಜ್ಞಾನ: ಅತ್ಯುತ್ತಮ, ಉತ್ತಮ, ಸಾಧಾರಣ’. ‘ಸಾಧಾರಣ’ಕ್ಕೆ ಗೀಟು ಹಾಕಿದವಳನ್ನು ಸಂದರ್ಶನಕ್ಕೇ ಕರೆಯದಿದ್ದರೆ ಅವಳ ಮಾತು ಕೇಳುವವರು ಯಾರು? ಅಳತೆಗೋಲಿಲ್ಲದ ಆ ಮೂರು ಪದಗಳನ್ನು ಅಚ್ಚು ಹಾಕಿಸುವವರಿಗೆ ಯಾರೂ ಅಂಕ ಕೊಡುವುದಿಲ್ಲ. ನಿಮ್ಮ ವಿದ್ಯಾರ್ಥಿನಿಯರು ಇಂಥ ಅರ್ಜಿ ತುಂಬುವಾಗ ಎರಡು ಬಣ್ಣದ ಆ ಹಾಳೆ ಪಕ್ಕದಲ್ಲಿರಲಿ.