ರೋಡ್ ಬೈಕಿಗೆ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್‌ಗೆ) ಹ್ಯಾಂಡಲ್ ಎಷ್ಟು ಅಗಲ ಇರಬೇಕು?

ಕಲಬುರಗಿಯಿಂದ ಜೇವರ್ಗಿ ಕಡೆ ಓಡಿಸಿದರೆ ಭುಜ ನೋಯುತ್ತದೆ, 44 ಸೆಂ.ಮೀ. ಹ್ಯಾಂಡಲ್ ಜಾಸ್ತಿ ಆಯ್ತಾ ಅಂತ ಕೇಳಿದ್ದೀರಿ. ಆಗಿರಬಹುದು, ಮೊದಲು ಭುಜ ಅಳೆಯಿರಿ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಭುಜದ ತುದಿಯಲ್ಲಿ ಬೆರಳಿಗೆ ಗಟ್ಟಿಯಾಗಿ ಸಿಗುವ ಎಲುಬು ಇದೆಯಲ್ವಾ, ಅಲ್ಲಿಂದ ಆಚೆ ಬದಿಯ ಎಲುಬಿನವರೆಗೆ ಯಾರಿಂದಾದರೂ ಟೇಪ್ ಹಿಡಿಸಿ. ತೋಳಿನ ಮಾಂಸ ಸೇರಿಸಬೇಡಿ. 40 ಬಂದರೆ 40ರ ಹ್ಯಾಂಡಲ್‌ನಿಂದ ಶುರು ಮಾಡಿ.

ಕೆಲವು ಕಂಪನಿಗಳು ಪೈಪಿನ ನಡುವಿನಿಂದ ನಡುವಿಗೆ ಅಳೆಯುತ್ತವೆ, ಕೆಲವು ಹೊರ ಅಂಚಿನಿಂದ. ಅಲ್ಲೇ ಸುಮಾರು 2 ಸೆಂ.ಮೀ. ವ್ಯತ್ಯಾಸ. ಕೇಳಿಯೇ ತಗೊಳ್ಳಿ.

ಬಯಲಿನ ಎದುರುಗಾಳಿಗೆ ಕಿರಿದಾದದ್ದು ಅನುಕೂಲ. ಎರೆಹೊಲದ ಕಚ್ಚಾ ದಾರಿಯಲ್ಲಿ ಸ್ವಲ್ಪ ಅಗಲವೇ ಹಿಡಿತಕ್ಕೆ ಒಳ್ಳೆಯದು. ಸ್ಟೆಮ್ (ಹ್ಯಾಂಡಲ್ ಅನ್ನು ಸೈಕಲ್‌ಗೆ ಜೋಡಿಸುವ, ಮುಂದಕ್ಕೆ ಚಾಚಿದ ತುಂಡು) ಉದ್ದವಾದರೂ ಭುಜ ಹಿಡಿಯುತ್ತದೆ, ಅದನ್ನೂ ನೋಡಿ.